ಪಾಲಾದ ಮನೆಯ ಮೊದಲ ಯುಗಾದಿ: ಮಳವಳ್ಳಿ ಸೀಮೆಯ ಒಂದು ಪ್ರಕರಣ ಅಧ್ಯಯನ

2025ರಲ್ಲಿ ಯುಗಾದಿ ಭಾನುವಾರ ಬಿದ್ದಿತ್ತು. ಮಾರ್ಚ್ 29ರ ಶನಿವಾರ ಅಮಾವಾಸ್ಯೆ, 30ರ ಭಾನುವಾರ ವಿಶ್ವಾವಸು ಸಂವತ್ಸರದ ಮೊದಲ ದಿನ, 31ರ ಸೋಮವಾರ ಬಾಡೂಟದ ಹೊಸತೊಡಕು. ಅದೇ ಸೋಮವಾರ ರಂಜಾನ್ ಹಬ್ಬದ ರಜೆಯೂ ಕೂಡಿಕೊಂಡಿದ್ದರಿಂದ, ಬೆಂಗಳೂರಿನಲ್ಲಿ ದುಡಿಯುವ ಮಂಡ್ಯ ಜಿಲ್ಲೆಯ ಮಂದಿಗೆ ಸಾಲಾಗಿ ಮೂರು ದಿನ ಊರಿನಲ್ಲಿ ಇರುವ ಅವಕಾಶ ದೊರೆಯಿತು. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಾಲ್ಕೂ ಮುಕ್ಕಾಲು ಎಕರೆ ಜಮೀನಿರುವ ಒಂದು ಒಕ್ಕಲು ಮನೆತನ ಈ ಮೂರು ದಿನಗಳನ್ನು ಹೇಗೆ ಕಳೆಯಿತು ಎಂಬುದೇ ಈ ಬರಹದ ವಸ್ತು. ಆ ಮನೆಯ ಹಿರಿಯ ಸೊಸೆ ನನಗೆ ದೊಡ್ಡಪ್ಪನ ಮಗಳು. ನೆಂಟನಾಗಿ ಹೋದವನಿಗೆ ಪಂಚಾಯ್ತಿಯಲ್ಲಿ ಮಾತಿನ ಹಕ್ಕಿರುವುದಿಲ್ಲ, ಆದರೆ ಜಗಲಿಯಲ್ಲಿ ಕೂತು ನೋಡಲು ಯಾರ ಅಡ್ಡಿಯೂ ಇರುವುದಿಲ್ಲ. ಊರಿನ ಹೆಸರನ್ನೂ ಮನೆಯವರ ಹೆಸರುಗಳನ್ನೂ ಬಿಟ್ಟಿದ್ದೇನೆ.

ಈ ಯುಗಾದಿಯನ್ನು ಬಿಡಿಸಿ ಬರೆಯಲು ಒಂದು ಕಾರಣವಿದೆ. ಹಿಂದಿನ ಕಾರ್ತಿಕದಲ್ಲಿ ಆ ಮನೆ ಪಾಲಾಗಿತ್ತು. ಪಾಲು ಊರ ಯಜಮಾನರ ಮುಂದೆ ಬಾಯಿಮಾತಿನಲ್ಲಿ ಆಗಿ, ಒಂದು ಪಾಲುಪಟ್ಟಿಯಲ್ಲಿ ಬರೆದಾಗಿತ್ತೇ ಹೊರತು ನೋಂದಣಿಯಾಗಿರಲಿಲ್ಲ. ಕಾಗದದ ಮಟ್ಟಿಗೆ ಮನೆ ಇನ್ನೂ ಒಂದೇ, ಒಲೆಯ ಮಟ್ಟಿಗೆ ಎರಡು, ಗಂಡುಮಕ್ಕಳ ಲೆಕ್ಕಕ್ಕೆ ಮೂರು, ಕಾನೂನಿನ ಕಣ್ಣಿಗೆ ಮೂರಕ್ಕಿಂತ ಹೆಚ್ಚು. ಇಂತಹ ಮನೆಯನ್ನು ಊರು ಎಷ್ಟೆಂದು ಎಣಿಸಬೇಕು ಎಂಬ ಪ್ರಶ್ನೆ ವರ್ಷದ ಉಳಿದ ದಿನಗಳಲ್ಲಿ ತಲೆ ಎತ್ತುವುದಿಲ್ಲ. ಯುಗಾದಿಯಲ್ಲಿ ಏಳಲೇಬೇಕು, ಏಕೆಂದರೆ ಈ ಸೀಮೆಯಲ್ಲಿ ವರಿ (ಊರ ಹಬ್ಬಕ್ಕೆ ಮನೆಮನೆಯಿಂದ ಎತ್ತುವ ಹಣ), ಚೀಟಿ, ಗುತ್ತಿಗೆ, ವಾರದ (ಬೆಳೆಯಲ್ಲಿ ಪಾಲು ಕೊಡುವ) ಸಾಗುವಳಿ, ಆಳಿನ ಸಂಬಳ ಎಲ್ಲದರ ವಾಯಿದೆಯೂ ಯುಗಾದಿಯಿಂದ ಯುಗಾದಿಗೆ. ಹಬ್ಬ ಎಂದು ಕರೆಯುವ ಈ ಮೂರು ದಿನಗಳಲ್ಲಿ ಒಬ್ಬಟ್ಟಿನ ಹೂರಣದಷ್ಟೇ ದಟ್ಟವಾಗಿ ಲೆಕ್ಕಾಚಾರವೂ ತುಂಬಿರುತ್ತದೆ ಎಂಬುದು ನನ್ನ ಎಣಿಕೆ.

ಜಮೀನು ಮತ್ತು ಜನ

ಒಟ್ಟು 4 ಎಕರೆ 30 ಗುಂಟೆ. ಇದರಲ್ಲಿ 1 ಎಕರೆ 20 ಗುಂಟೆ ನಾಲೆಯ ನೀರು ಹಾಯುವ ಗದ್ದೆ. ಮಿಕ್ಕ 3 ಎಕರೆ 10 ಗುಂಟೆ ಹೊಲ. ಗದ್ದೆಯಲ್ಲಿ ನೀರು ನೋಡಿಕೊಂಡು ಭತ್ತ ಅಥವಾ ಕಬ್ಬು, ಹೊಲದಲ್ಲಿ ರಾಗಿ, ಸಾಲಿಗೆ ಅವರೆ, ಅಂಚಿಗೆ ಹುರುಳಿ. ಹೊಲದ ಮೂಲೆಯ ಹತ್ತು ಗುಂಟೆಯಲ್ಲಿ ತೆಂಗಿನ ಮರಗಳೂ ಒಂದು ಕೊಳವೆಬಾವಿಯೂ ಇವೆ. ಕೃಷ್ಣರಾಜಸಾಗರದಲ್ಲಿ ನೀರು ಕಡಿಮೆಯಾಗಿ ನಾಲೆಗೆ ಬಿಡುವುದು ನಿಂತ ವರ್ಷಗಳಲ್ಲಿ ಮನೆಯನ್ನು ಉಳಿಸಿರುವುದು ಈ ಬಾವಿಯೇ. ಮುಂದಿನ ಕಥೆಗೆ ಈ ಹತ್ತು ಗುಂಟೆ ಮುಖ್ಯ.

ಮನೆಯ ಯಜಮಾನರು 2023ರಲ್ಲಿ ತೀರಿಕೊಂಡರು. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ತಾಯಿಯೊಂದಿಗೆ ಹಳೆಯ ಹೆಂಚಿನ ಮನೆಯಲ್ಲಿದ್ದು ಬೇಸಾಯ ಮಾಡುತ್ತಾನೆ. ನಡುವಿನವನು ಪಕ್ಕದಲ್ಲೇ ಶೀಟಿನ ಮನೆ ಕಟ್ಟಿಕೊಂಡು, ಬೇಸಾಯದ ಜೊತೆಗೆ ಹಾಲಿನ ಡೇರಿಗೆ ಎರಡು ಸೀಮೆಹಸುಗಳ ಹಾಲು ಹಾಕುತ್ತಾನೆ. ಕಿರಿಯವನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದಾನೆ. ಮಗಳು ಹಿರಿಯವನಿಗಿಂತ ಕಿರಿಯಳು, ಉಳಿದಿಬ್ಬರಿಗೂ ಅಕ್ಕ. 2009ರಲ್ಲಿ ಮದುವೆಯಾಗಿ ಪಕ್ಕದ ತಾಲ್ಲೂಕಿನಲ್ಲಿದ್ದಾಳೆ. ಪಾಲುಪಟ್ಟಿಯ ಪ್ರಕಾರ ಗಂಡುಮಕ್ಕಳಿಗೆ ತಲೆಗೆ 20 ಗುಂಟೆ ಗದ್ದೆ, ಒಂದು ಎಕರೆ ಹೊಲ. ತೆಂಗಿನ ಹತ್ತು ಗುಂಟೆ ಅವ್ವನ ಜೀವನಾಂಶಕ್ಕೆ, ಬಾವಿಯ ನೀರು ಮೂವರಿಗೂ ಸರದಿಯ ಮೇಲೆ. ಮಗಳ ಹೆಸರಿನ ಮುಂದೆ ‘ಮದುವೆ ಕಾಲದಲ್ಲಿ ಒಡವೆ ಕೊಟ್ಟಿದೆ’ ಎಂಬ ಒಂದು ಸಾಲು.

ಆ ಒಂದು ಸಾಲು ಊರಿನಲ್ಲಿ ನಡೆಯುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವು 1994ರಲ್ಲೇ ತಿದ್ದುಪಡಿ ತಂದು, ಆಗ ಇನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಕ್ಕೆ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಈ ಷರತ್ತನ್ನೂ ತೆಗೆದುಹಾಕಿತು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದೆಂದೂ, ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದೆಂದೂ ಹೇಳಿತು. ಆದ್ದರಿಂದ ಅಣ್ಣತಮ್ಮಂದಿರ ವಿಭಾಗ ಪತ್ರ ನೋಂದಣಿಯಾಗಬೇಕಾದರೆ ಒಂದೋ ಅವಳಿಗೂ ಪಾಲು ಬರೆಯಬೇಕು, ಇಲ್ಲವೇ ಅವಳು ಹಕ್ಕು ಬಿಡುಗಡೆಗೆ ಸಹಿ ಹಾಕಬೇಕು. ಹಾಗೆ ನೋಡಿದರೆ ತಾಯಿಗೆ ಸಲ್ಲುವ ಪಾಲೂ ಹತ್ತು ಗುಂಟೆಗಿಂತ ಬಹಳ ದೊಡ್ಡದು. ಆ ಮಾತನ್ನು ಮಾತ್ರ ಆ ಮೂರು ದಿನಗಳಲ್ಲಿ ಯಾರೂ ಎತ್ತಲಿಲ್ಲ. ಮಗಳು ಸಹಿಗೆ ಆಗುವುದಿಲ್ಲ ಎಂದೂ ಹೇಳಿರಲಿಲ್ಲ, ಆಗಲಿ ಎಂದೂ ಹೇಳಿರಲಿಲ್ಲ. ‘ಯುಗಾದಿಗೆ ಬರ್ತೀನಿ’ ಎಂದಷ್ಟೇ ಹೇಳಿ ಕಳಿಸಿದ್ದಳು.

ಶನಿವಾರ: ಒಲೆ ಎಷ್ಟು?

ಅಮಾವಾಸ್ಯೆಯ ಹಗಲು ಹೆಂಗಸರದು. ಸುಣ್ಣ, ಸಾರಣೆ, ಹಾಸಿಗೆ ಒಗೆತ, ಕಾಯಿ ಸುಲಿತ, ಹೊರಬಾಗಿಲಿಗೆ ಮಾವಿನ ಸೊಪ್ಪು, ನಾಳಿನ ಒಬ್ಬಟ್ಟಿಗೆ ತೊಗರಿಬೇಳೆ ಆರಿಸುವುದು. ಹಿಂದೆ ಒಂದೇ ದೊಡ್ಡ ಪಾತ್ರೆಯಲ್ಲಿ ಬೇಯುತ್ತಿದ್ದ ಬೇಳೆ ಈ ಸಲ ಎರಡು ಮನೆಗಳಲ್ಲಿ ಎರಡು ಪಾತ್ರೆಗಳಲ್ಲಿ ಬೇಯಬೇಕಿತ್ತು, ರುಬ್ಬುವ ಗ್ರೈಂಡರ್ ಮಾತ್ರ ಒಂದೇ. ಪಾಲುಪಟ್ಟಿಯಲ್ಲಿ ಬಾವಿಯ ಸರದಿ ಬರೆದವರು ಗ್ರೈಂಡರಿನ ಸರದಿ ಬರೆಯಲು ಮರೆತಿದ್ದರು. ವಾರಗಿತ್ತಿಯರಿಬ್ಬರೂ ಅದನ್ನು ತಾವೇ ಇತ್ಯರ್ಥ ಮಾಡಿಕೊಂಡರು, ಯಾವ ಯಜಮಾನನನ್ನೂ ಕರೆಯದೆ.

ಸಂಜೆ ಮಾರಮ್ಮನ ಗುಡಿಯ ಮುಂದೆ ಊರ ಸಭೆ ಸೇರಿತು. ಮೂರು ವಿಷಯಗಳಿದ್ದವು: ಮಾರಿಹಬ್ಬದ ವರಿ, ಹೊಸತೊಡಕಿನ ದಿನ, ಹೊನ್ನಾರಿನ ಅಂದರೆ ವರ್ಷದ ಮೊದಲ ಉಳುಮೆಯ ಹೊತ್ತು. ವರಿ ಒಲೆಗೆ ಸಾವಿರ ರೂಪಾಯಿ ಎಂದು ಬೇಗನೆ ತೀರ್ಮಾನವಾಯಿತು. ವರಿಯ ಪುಸ್ತಕ ಓದುವಾಗ ಈ ಮನೆಯ ಹೆಸರು ಬಂದಾಗ, ಓದುತ್ತಿದ್ದವರು ನಿಲ್ಲಿಸಿ, ತೀರಿಕೊಂಡವರ ಹೆಸರನ್ನೇ ಮುಂದುವರಿಸುವುದೋ ಹೊಸದಾಗಿ ಬರೆಯುವುದೋ ಎಂದು ಕೇಳಿದರು.

ಹೊರಗಿನವರು ಊಹಿಸುವುದಕ್ಕೆ ತದ್ವಿರುದ್ಧವಾಗಿ ಮಾತು ನಡೆಯಿತು. ಹಣ ಉಳಿಸುವ ಮಾತನ್ನು ಯಾರೂ ಆಡಲಿಲ್ಲ. ಪತ್ರ ಇನ್ನೂ ಆಗಿಲ್ಲ, ಅಪ್ಪನ ಹೆಸರಲ್ಲಿ ಒಂದೇ ವರಿ ಇರಲಿ, ಮೂರು ಪಟ್ಟು ಬೇಕಾದರೂ ಕೊಡುತ್ತೇನೆ ಎಂದು ಹಿರಿಯವನು ಹೇಳಿದರೆ, ತನ್ನದನ್ನು ಬೇರೆ ಬರೆದುಕೊಳ್ಳಿ ಎಂದು ನಡುವಿನವನು ಪಟ್ಟು ಹಿಡಿದ. ಕಾರಣ ಸ್ಪಷ್ಟವಿತ್ತು. ಈ ಊರಿನ ಮಾರಿಹಬ್ಬದಲ್ಲಿ ವರಿ ಕೊಟ್ಟ ಒಲೆಗೊಂದು ತಂಬಿಟ್ಟಿನ ಆರತಿ. ಒಂದೇ ವರಿಯಾದರೆ ಆರತಿಯ ತಟ್ಟೆ ಹೊರುವವಳು ಹಿರಿಯ ಸೊಸೆ. ಮದುವೆಯಾಗಿ ಹದಿನೈದು ವರ್ಷ ಅವಳ ಹಿಂದೆ ನಡೆದ ನಡುವಿನ ಸೊಸೆಗೆ ತನ್ನದೊಂದು ಆರತಿ ಬೇಕಿತ್ತು. ಈ ಮಾತನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ತಿಳಿದಿತ್ತು. ಯಜಮಾನರಲ್ಲಿ ಹಿರಿಯರೊಬ್ಬರು, ‘ಒಲೆ ಬೇರೆ ಆದ್ಮೇಲೆ ವರಿ ಬೇರೆ, ಇದ್ರಲ್ಲಿ ಮಾತೇನೈತೆ’ ಎಂದು ಎರಡು ಸಾಲು ಬರೆಸಿದರು. ಕಿರಿಯವನದು ಊರಿನಲ್ಲಿ ಒಲೆಯೇ ಇಲ್ಲವಾದ್ದರಿಂದ ಅವನ ಹೆಸರು ಪುಸ್ತಕಕ್ಕೆ ಬರಲಿಲ್ಲ. ಅವನು ಆಗ ಮಾತಾಡಲಿಲ್ಲ. ರಾತ್ರಿ ಜಗಲಿಯಲ್ಲಿ, ಹಾಗಾದರೆ ತಾನು ಈ ಊರಿನವನೋ ಅಲ್ಲವೋ ಎಂದು ಎರಡು ಸಲ ಕೇಳಿದ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಊರಿನಲ್ಲಿ ಒಲೆಯಿಲ್ಲದ ಜಮೀನು ಇರುವ ಸಾವಿರಾರು ಮಂದಿ ಕೇಳಿಕೊಳ್ಳುವ ಪ್ರಶ್ನೆಯೇ ಅದು.

ಹೊಸತೊಡಕಿನ ದಿನದ ಚರ್ಚೆ ಇನ್ನೂ ಉದ್ದವಾಯಿತು. ಯುಗಾದಿಯ ಮರುದಿನ ಬಾಡೂಟ ಎಂಬುದು ಈ ಸೀಮೆಯ ಕಟ್ಟಳೆ. ಆದರೆ ಮರುದಿನ ಸೋಮವಾರ. ಮಲೆ ಮಹದೇಶ್ವರನ ಒಕ್ಕಲಾದ ಎಷ್ಟೋ ಮನೆಗಳಲ್ಲಿ ಸೋಮವಾರ ಬಾಡು ಮುಟ್ಟುವುದಿಲ್ಲ. ಮಂಗಳವಾರಕ್ಕೆ ದೂಡಿದರೆ ಬೆಂಗಳೂರು, ಮೈಸೂರಿನಿಂದ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕು, ಮತ್ತು ಮಾಂಸದ ಚೀಟಿಗೆ ವರ್ಷವಿಡೀ ಹಣ ಕಟ್ಟಿದವರಲ್ಲಿ ಅವರೂ ಇದ್ದಾರೆ. ಕೊನೆಗೆ ಸೋಮವಾರ ಬೆಳಗಿನ ಜಾವವೇ ಕುರಿ ಕುಯ್ದು ಮಾಂಸವನ್ನು ಪಾಲಿನ ಗುಡ್ಡೆಗಳಾಗಿ ಹಾಕುವುದು, ತಿನ್ನದ ಮನೆಯವರು ಮಂಗಳವಾರ ಬೇಯಿಸಿಕೊಳ್ಳುವುದು ಎಂದಾಯಿತು. ಹಿಂದೆ ಹೀಗೆ ಉಳಿದ ಮಾಂಸಕ್ಕೆ ಉಪ್ಪು ಅರಿಶಿನ ಸವರಿ ಉಪ್ಪುಕಂಡ ಹಾಕುತ್ತಿದ್ದರು, ಈಗ ಫ್ರಿಜ್ ಇದೆ. ಹಿರಿಯ ಮಗನೂ ತಾಯಿಯೂ ಸೋಮವಾರ ಮುಟ್ಟದವರು. ನಡುವಿನವನು ಆ ನೇಮವನ್ನು ಬಿಟ್ಟು ಬಹಳ ಕಾಲವಾಗಿದೆ. ಊರಿನ ಅನುಕೂಲಕ್ಕೆ ಆದ ಈ ತೀರ್ಮಾನ ಪಾಲಾದ ಮನೆಯ ಬಾಡೂಟವನ್ನೂ ಎರಡು ದಿನಗಳಿಗೆ ಸೀಳಿತು.

ಭಾನುವಾರ: ಬದುವಿನ ಬಳಿ ಎತ್ತಿದ ನೇಗಿಲು

ಎಣ್ಣೆನೀರು, ಬೇವುಬೆಲ್ಲ, ಹೊಸ ಬಟ್ಟೆ ಮುಗಿಯುವ ಹೊತ್ತಿಗೆ ಗುಡಿಯ ಮುಂದೆ ಪಂಚಾಂಗ ಓದಲು ಜನ ಸೇರಿದ್ದರು. ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಯುಗಾದಿಯಂದು ವರ್ಷದ ಮೊದಲ ಉಳುಮೆಗೆ ಹೊನ್ನಾರು ಎನ್ನುತ್ತಾರೆ. ಆ ವರ್ಷ ಯಾವ ಹೆಸರಿನವರು, ಯಾವ ಬಣ್ಣದ ಎತ್ತು ಕಟ್ಟಿ ಮೊದಲ ಹೊನ್ನಾರು ಹೂಡಬೇಕೆಂದು ಪಂಚಾಂಗ ನೋಡಿ ಹೇಳುತ್ತಾರೆ. ಆ ಜೋಡಿ ಮುಂದೆ, ಊರಿನ ಉಳಿದ ಜೋಡಿಗಳು ಹಿಂದೆ. ಹಿಂದೆ ಸಾಲುಗಟ್ಟಿ ಹೊರಡುತ್ತಿದ್ದ ಈ ಮೆರವಣಿಗೆಯಲ್ಲಿ ಈ ಸಲ ಇದ್ದುದು ನಾಲ್ಕೇ ಜೋಡಿ. ಕೊಂಬಿಗೆ ಬಣ್ಣ, ಹಣೆಗೆ ಪಟ್ಟಿ, ಕೊರಳಿಗೆ ಗೆಜ್ಜೆ, ಮುಂದೆ ತಮಟೆ. ಪ್ರತಿ ಮನೆಯ ಮುಂದೆಯೂ ಹೆಂಗಸರು ಎತ್ತುಗಳ ಕಾಲಿಗೆ ನೀರು ಹಾಕಿ ಆರತಿ ಎತ್ತಿದರು.

ಈ ಮನೆಯ ಎತ್ತುಗಳನ್ನು ತಂದೆ ಇರುವಾಗಲೇ ಮಾರಿಯಾಗಿತ್ತು. ನಿಜವಾದ ಉಳುಮೆ ಗಂಟೆಯ ಲೆಕ್ಕದ ಟ್ರ್ಯಾಕ್ಟರಿನದು, ಅದು ಊರಂಚಿನ ಸಾಬರ ಮನೆಯದು. ಆದರೆ ಹೊನ್ನಾರಿಗೆ ಟ್ರ್ಯಾಕ್ಟರ್ ಹೂಡುವುದನ್ನು ಹಿರಿಯವನ ಮನಸ್ಸು ಒಪ್ಪದೆ, ಊರ ಹೊನ್ನಾರು ಮುಗಿದ ಮೇಲೆ ಪಕ್ಕದ ಮನೆಯವರ ಹಳ್ಳಿಕಾರ್ ಜೋಡಿಯನ್ನು ಕೇಳಿ ತಂದ. ಹೊನ್ನಾರಿಗೆ ಎತ್ತಿನ ಬಾಡಿಗೆ ಕೇಳುವ ಪದ್ಧತಿಯಿಲ್ಲ. ಎತ್ತಿನವರಿಗೆ ಒಬ್ಬಟ್ಟಿನ ಊಟ, ಎತ್ತಿಗೆ ಒಂದು ಹೊರೆ ಹುಲ್ಲು.

ಹೊಲದಲ್ಲಿ ಮೂರು ಪಾಲಿನ ಗುರುತಿಗೆ ಕಲ್ಲು ನೆಟ್ಟಿದ್ದರು, ಬದು ಇನ್ನೂ ಕಟ್ಟಿರಲಿಲ್ಲ. ತಂದೆಯ ಕಾಲದಲ್ಲಿ ಪಡುವಣ ಅಂಚಿನಿಂದ ಮೂಡಣ ಅಂಚಿನವರೆಗೆ ಒಂದೇ ಉದ್ದನೆಯ ಸಾಲು ಹೊಡೆದು ತಿರುಗಿ ಬರುತ್ತಿದ್ದರು. ನೊಗಕ್ಕೆ, ಮೇಣಿಗೆ, ಗುಳಕ್ಕೆ ಅರಿಶಿನ ಕುಂಕುಮವಿಟ್ಟು ಕಾಯಿ ಒಡೆದು, ಹಿರಿಯವನು ಹಾಗೆಯೇ ಹೊಡೆದುಕೊಂಡು ಹೊರಟ. ಅವನದೇ ಪಾಲು ಮೊದಲು ಸಿಗುವುದು. ಮೊದಲ ಗುರುತಿನ ಕಲ್ಲಿಗೆ ನಾಲ್ಕು ಮಾರು ಇರುವಾಗ ನಡುವಿನವನು ಕೂಗಿದ: ‘ಅಣ್ಣ, ಕಲ್ತಾವ ನೇಗ್ಲು ಎತ್ತು. ದಾಟ್ಸಿ ಇಳ್ಸು.’

ಎತ್ತು ನಿಂತವು. ಊರುಗಳಲ್ಲಿ ಬದು ಒತ್ತಿದ ಜಗಳ ಪೊಲೀಸ್ ಠಾಣೆ ಮುಟ್ಟಿದ್ದನ್ನು, ತಲೆ ಒಡೆದದ್ದನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತು. ಒಬ್ಬನ ನೇಗಿಲಿನ ಸಾಲು ಇನ್ನೊಬ್ಬನ ಪಾಲಿನೊಳಗೆ ನಿಲ್ಲದೆ ಹಾದುಹೋಯಿತೆಂದರೆ, ನಾಳೆ ಆ ಸಾಲನ್ನೇ ಸಾಕ್ಷಿಯಾಗಿ ತೋರಿಸುವವರು ಇರುತ್ತಾರೆ. ಹಿರಿಯವನ ಮುಖ ಗಂಟಿಕ್ಕಿತು, ಆದರೆ ಮಾತು ಬೆಳೆಸಲಿಲ್ಲ. ಮೇಣಿ ಹಿಡಿದು ನೇಗಿಲನ್ನು ಮಣ್ಣಿನಿಂದ ಎತ್ತಿ, ಗುಳಕ್ಕೆ ಅಂಟಿದ ಮಣ್ಣನ್ನು ಕಾಲಿನಿಂದ ತನ್ನ ಕಡೆಗೇ ಕೆಡವಿ, ಕಲ್ಲು ದಾಟಿಸಿ ಮತ್ತೆ ಇಳಿಸಿದ. ಎರಡನೆಯ ಕಲ್ಲಿನ ಬಳಿ ಯಾರೂ ಹೇಳುವ ಮುಂಚೆಯೇ ಎತ್ತಿದ. ಅಲ್ಲಿಂದಾಚೆ ಕಿರಿಯವನ ಪಾಲಾದ್ದರಿಂದ ಮೇಣಿಯನ್ನು ಅವನ ಕೈಗೆ ಕೊಟ್ಟ. ಕಾರ್ಖಾನೆಯವನ ಸಾಲು ಸೊಟ್ಟಗೆ ಹೋಯಿತು, ಎಲ್ಲರೂ ನಕ್ಕರು, ಬಿಗಿದಿದ್ದ ಗಾಳಿ ಸ್ವಲ್ಪ ಸಡಿಲವಾಯಿತು.

ನಡುವಿನವನದು ಒರಟುತನ ಎಂದು ನನ್ನ ಜೊತೆ ಇದ್ದ ನೆಂಟರೊಬ್ಬರು ಪಿಸುಗುಟ್ಟಿದರು. ನನಗೆ ಹಾಗೆ ಅನ್ನಿಸಲಿಲ್ಲ. ಪಾಲಾಗಿದೆ ಎಂದು ಎಲ್ಲರಿಗೂ ತಿಳಿದಿದ್ದೂ ಆಗಿಲ್ಲವೆಂಬಂತೆ ಹಬ್ಬದ ದಿನ ನಡೆದುಕೊಳ್ಳುವ ಮನೆಗಳಲ್ಲಿ, ಮುಂಗಾರಿನ ಬಿತ್ತನೆಯ ಹೊತ್ತಿಗೆ ಜಗಳ ಹೊತ್ತಿಕೊಳ್ಳುವುದನ್ನು ನೋಡಿದ್ದೇನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಿದೆ; ಏಪ್ರಿಲ್ ಕೊನೆಯ ಆ ಮಳೆ ಬಿದ್ದ ಮೇಲೆ ಟ್ರ್ಯಾಕ್ಟರಿನವನಿಗೆ ಎಲ್ಲಿ ತಿರುಗಿಸಬೇಕೆಂದು ಹೇಳುವ ಅವಸರದಲ್ಲಿ ಸಮಾಧಾನದ ಮಾತಿಗೆ ಜಾಗವಿರುವುದಿಲ್ಲ. ಎತ್ತಿನ ನಿಧಾನದಲ್ಲಿ, ಕಾಯಿ ಒಡೆದ ಜಾಗದಲ್ಲಿ, ಊರಿನ ನಾಲ್ಕು ಜನರೆದುರು ಗಡಿ ಗಟ್ಟಿಯಾದದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನದ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನದ ಊಟ ಹಳೆಯ ಮನೆಯಲ್ಲೇ ಒಟ್ಟಾಗಿ ನಡೆಯಿತು. ಎರಡು ಒಲೆಯ ಒಬ್ಬಟ್ಟು ಒಂದೇ ಎಲೆಗೆ ಬಂದವು. ಆಮೇಲೆ ಗಂಡಸರು ಇಸ್ಪೀಟಿಗೆ ಹೋದರು, ಮಕ್ಕಳು ಹುಣಸೆಮರದ ಉಯ್ಯಾಲೆಗೆ. ಸಂಜೆ ಆರೂವರೆಯ ನಂತರ ಎಲ್ಲರೂ ಹೊಲದ ಕಡೆಗೆ ಬಂದು ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತರು. ಯುಗಾದಿಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು, ಕೋಡು ಯಾವ ಕಡೆ ಬಾಗಿದೆ ಎಂದು ನೋಡಿ ಮಳೆ ಬೆಳೆ ಊಹಿಸುವುದು ರೂಢಿ. ಆ ಸಂಜೆ ಅದೇ ತೆಳು ಗೆರೆಯನ್ನು ಟ್ರ್ಯಾಕ್ಟರಿನ ಮನೆಯವರೂ ಹುಡುಕುತ್ತಿದ್ದರು. ಅವರಿಗೆ ಅದು ಕಂಡರೆ ತಿಂಗಳ ಉಪವಾಸ ಮುಗಿದು ನಾಳೆ ಹಬ್ಬ. ಮೊದಲು ಕಂಡು ಕೂಗಿದವನು ಅವರ ಮನೆಯ ಹುಡುಗ. ಹಿರಿಯವನು ಅವನು ತೋರಿದ ಬೆರಳಿನ ಜಾಡಿನಲ್ಲೇ ಚಂದ್ರನನ್ನು ಕಂಡು ಕೈಮುಗಿದ.

ಸೋಮವಾರ: ಮೂವತ್ತೆರಡು ಗುಡ್ಡೆ, ಆಮೇಲೆ ನಾಲ್ಕು

ಮಾಂಸದ ಚೀಟಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಬೀದಿಯ ಚೀಟಿಯಲ್ಲಿ 32 ಮಂದಿ, ವಾರಕ್ಕೆ 50 ರೂಪಾಯಿ. ವರ್ಷಕ್ಕೆ ತಲೆಗೆ 2,600, ಒಟ್ಟು 83,200. ಸೇರಿದ ಹಣವನ್ನು ಸದಸ್ಯರಿಗೇ ಕೈಸಾಲವಾಗಿ ಕೊಟ್ಟು ಬಂದ ಬಡ್ಡಿ 6,400. ಈ 89,600 ರೂಪಾಯಿಯಲ್ಲಿ ಎಂಟು ಕುರಿ ತಂದರು, ಒಂದಕ್ಕೆ 11,000ದ ಸರಾಸರಿ. ಬಂಡೂರು ಕುರಿಯ ತವರು ಇದೇ ಮಳವಳ್ಳಿ ತಾಲ್ಲೂಕು; ಕೊಂಬಿಲ್ಲದ, ಗಿಡ್ಡ ಕಾಲಿನ ಆ ಕುರಿಯ ಮಾಂಸದ ರುಚಿಗೆ ಸಾಟಿಯಿಲ್ಲವೆನ್ನುತ್ತಾರೆ. ಆದರೆ ಅದರ ಬೆಲೆಯಿಂದಾಗಿ ಚೀಟಿಯವರು ಸಾಮಾನ್ಯ ನಾಟಿ ಕುರಿಯನ್ನೇ ತರುತ್ತಾರೆ. ಉಳಿದ 1,600 ರೂಪಾಯಿ ಟಾರ್ಪಾಲು, ಬಾಳೆಲೆ, ಕುಯ್ಯುವವರ ಕೂಲಿಗೆ.

ಬೆಳಗಿನ ಐದಕ್ಕೆ ಶುರುವಾದ ಕೆಲಸ ಎಂಟಕ್ಕೆ ಗುಡ್ಡೆಯ ಹಂತಕ್ಕೆ ಬಂತು. ಟಾರ್ಪಾಲಿನ ಮೇಲೆ ಎಲೆ ಹಾಸಿ 32 ಗುಡ್ಡೆ. ತೊಡೆ, ಎದೆ, ಬೆನ್ನು, ಈಲಿ (ಪಿತ್ತಜನಕಾಂಗ), ಬೋಟಿ (ಕರುಳು) ಪ್ರತಿಯೊಂದನ್ನೂ ಬೇರೆ ಬೇರೆಯಾಗಿ 32 ಭಾಗ ಮಾಡಿ ಹಾಕುತ್ತಾ ಹೋಗುತ್ತಾರೆ. ಒಬ್ಬರ ಗುಡ್ಡೆಯಲ್ಲಿ ಬರೀ ಮೂಳೆ, ಇನ್ನೊಬ್ಬರದರಲ್ಲಿ ಬರೀ ಮೆತ್ತನೆಯದು ಬರಬಾರದು. ಈ ವರ್ಷ ಎಂಟು ಕುರಿಗೆ ಕಾಲೂ ಸರಿಯಾಗಿ 32 ಆಗಿದ್ದರಿಂದ ಗುಡ್ಡೆಗೊಂದು ಕಾಲು ಬಂದು, ಆ ಲೆಕ್ಕದ ಚಂದಕ್ಕೆ ಎಲ್ಲರೂ ಖುಷಿಪಟ್ಟರು. ಎಂಟು ತಲೆಗಳನ್ನು ಸವಾಲು ಹಾಕಿ, ಬಂದ ಹಣವನ್ನು ಬರುವ ವರ್ಷದ ಚೀಟಿಗೆ ಮೂಲಧನವಾಗಿ ಇಟ್ಟರು. ತಕ್ಕಡಿ ಇದ್ದರೂ ಕೊನೆಯ ತೀರ್ಮಾನ ಕಣ್ಣಿನದು. ಗುಡ್ಡೆ ಹಾಕಿದವರು ಎತ್ತುವಂತಿಲ್ಲ. ಹೆಸರಿನ ಚೀಟಿಗಳನ್ನು ಕಲಸಿ, ಒಂದು ಮಗುವಿನ ಕೈಯಿಂದ ತೆಗೆಸಿ, ಸಾಲಿನ ಪ್ರಕಾರ ಹಂಚುತ್ತಾರೆ. ಗುಡ್ಡೆ ಹಾಕಿದವರ ಪಾಲು ಕಟ್ಟಕಡೆಗೆ ಉಳಿದದ್ದು. ತಾನು ಮೋಸದಿಂದ ಸಣ್ಣದು ಮಾಡಿದ ಗುಡ್ಡೆ ತನಗೇ ಉಳಿಯಬಹುದೆಂಬ ಭಯ ತಕ್ಕಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಈ ಸಮಾನತೆಗೂ ಒಂದು ಗೆರೆ ಇದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಹೊನ್ನಾರಿನ ಮುಂದೆ ತಮಟೆ ಬಡಿದವರ ಕೇರಿಯಲ್ಲಿ ಬೇರೆಯೇ ಚೀಟಿ ಇದೆ, ಬೇರೆಯೇ ಟಾರ್ಪಾಲು. ಹಾಗೇಕೆ ಎಂದು ಕೇಳಿದರೆ ಎರಡೂ ಕಡೆಯವರು ‘ಮೊದಲಿಂದ ಹಂಗೇ’ ಎನ್ನುತ್ತಾರೆ, ಆದರೆ ಎರಡೂ ಕಡೆಯವರ ದನಿ ಒಂದೇ ಆಗಿರುವುದಿಲ್ಲ.

ಈ ಮನೆಯ ಚೀಟಿ ಇನ್ನೂ ತಂದೆಯ ಹೆಸರಿನಲ್ಲೇ ಇತ್ತು, ಕಟ್ಟಿದ್ದು ಹಿರಿಯವನು. ಆದ್ದರಿಂದ ಗುಡ್ಡೆ ಬಂದದ್ದು ಒಂದೇ, ಸುಮಾರು ನಾಲ್ಕು ಕಿಲೋ. ಹಿಂದಿನ ವರ್ಷಗಳಂತೆ ಅಂಗಳದಲ್ಲಿ ಒಂದೇ ಪಾತ್ರೆ ಇಟ್ಟಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಹಳೆಯ ಮನೆಯಲ್ಲಿ ಸೋಮವಾರ ಬೇಯಿಸುವಂತಿಲ್ಲ, ಕಿರಿಯವನು ಅದೇ ರಾತ್ರಿ ಬಸ್ಸು ಹತ್ತಬೇಕು, ಮಗಳೂ ಸಂಜೆಗೆ ಹೊರಡುವವಳು. ಹಸಿಯಾಗಿಯೇ ಪಾಲು ಮಾಡುವುದು ಅನಿವಾರ್ಯವಾಯಿತು. ವಾರಗಿತ್ತಿಯರಲ್ಲಿ ಯಾರು ಮಾಡಿದರೂ ಇನ್ನೊಬ್ಬರ ಮನಸ್ಸಿನಲ್ಲಿ ಉಳಿಯುತ್ತದೆ ಎಂದು, ಇಬ್ಬರೂ ಮಗಳನ್ನೇ ಕರೆದು ‘ನೀನೇ ಹಾಕು’ ಎಂದರು. ಅವಳು ಹಿತ್ತಲಿನಿಂದ ಎಲೆ ತಂದು ಜಗಲಿಯ ಮೇಲೆ ಹಾಸಿದಳು. ನಾಲ್ಕು ಎಲೆ. ಈಲಿಯ ತುಂಡನ್ನೂ ಕತ್ತರಿಸಿ ನಾಲ್ಕು ಮಾಡಿದಳು. ಇರುವ ಒಂದು ಕಾಲನ್ನು ಅವ್ವನ ಸೂಪಿಗೆಂದು ಪಕ್ಕಕ್ಕಿಟ್ಟಳು. ಬೀದಿಯ ನಿಯಮದಂತೆಯೇ ಮೂವರು ಎತ್ತಿಕೊಂಡ ಮೇಲೆ ಉಳಿದುದನ್ನು ತಾನು ತೆಗೆದುಕೊಂಡಳು.

ಇದನ್ನು ದೊಡ್ಡ ಸೂಚನೆಯೆಂದು ಓದಿಕೊಳ್ಳುವ ಆಸೆ ಯಾರಿಗಾದರೂ ಆಗುತ್ತದೆ. ನಾನು ಅದಕ್ಕೆ ಅಷ್ಟು ಬೆಲೆ ಕೊಡಲಾರೆ. ತವರಿಗೆ ಬಂದ ಹೆಣ್ಣುಮಗಳಿಗೆ ಬಾಡಿನಲ್ಲಿ ಪಾಲು ಕೊಡಲು ಒಲ್ಲೆನೆಂದ ಅಣ್ಣತಮ್ಮಂದಿರು ಈ ಸೀಮೆಯಲ್ಲಿ ಸಿಗುವುದಿಲ್ಲ. ಬಾಡು, ಬಳೆ, ಸೀರೆ, ಮಡಿಲಕ್ಕಿ ಇವುಗಳಲ್ಲಿ ಉದಾರತೆಯೂ ಜಮೀನಿನಲ್ಲಿ ಮೌನವೂ ಒಂದೇ ಮನೆಯಲ್ಲಿ ಜೊತೆಯಾಗಿ ಬಾಳುತ್ತವೆ. ಉಪಯೋಗಕ್ಕೆ ಬಂದದ್ದು ಬೇರೆ: ಪಾಲು ಮಾಡಲು ಇಬ್ಬರು ಅತ್ತಿಗೆ ನಾದಿನಿಯರೂ ಅವಳನ್ನು ನಂಬಿದರು, ಮತ್ತು ಅವಳು ಸರಿಯಾಗಿ ಮಾಡಿದಳೆಂದು ಮೂವರೂ ಒಪ್ಪಿಕೊಂಡರು. ಆ ನಂಬಿಕೆ ಹಸಿಯಾಗಿರುವಾಗಲೇ ಅವಳು ಬಾಯಿ ತೆರೆದಳು.

ಟ್ರ್ಯಾಕ್ಟರಿನ ಮನೆಯಿಂದ ಬಂದ ಶಾವಿಗೆಯ ಶೀರ್‌ಖುರ್ಮಾವನ್ನು ಅವ್ವ ಲೋಟಗಳಿಗೆ ಬಗ್ಗಿಸುತ್ತಿದ್ದ ಹೊತ್ತು ಅದು. ‘ನಂಗೆ ದುಡ್ಡು ಬ್ಯಾಡ, ಒಡವೆ ಬ್ಯಾಡ. ಅವ್ವನ ಕಾಲ ಆದ್ಮೇಲೆ ಆ ತೆಂಗಿನ ಹತ್ಗುಂಟೆ ನನ್ನೆಸ್ರಿಗೆ ಅಂತ ಪತ್ರದಲ್ಲಿ ಬರೀರಿ. ಅವತ್ತೇ ಸೈನ್ ಹಾಕ್ತೀನಿ.’

ಕಾನೂನಿನ ಪ್ರಕಾರ ಸಿಗಬಹುದಾದುದಕ್ಕೆ ಹೋಲಿಸಿದರೆ ಅವಳು ಕೇಳಿದ್ದು ಬಹಳ ಕಡಿಮೆ. ಆದರೂ ನಡುವಿನವನು ಎದ್ದು ನಿಂತ, ಏಕೆಂದರೆ ಕೊಳವೆಬಾವಿ ಇರುವುದು ಆ ಹತ್ತು ಗುಂಟೆಯಲ್ಲೇ. ಬಾವಿ ಅವಳದಾದರೆ ನಾಳೆ ಭಾವನೋ, ಅವರ ಮಕ್ಕಳೋ ನೀರು ನಿಲ್ಲಿಸಿದರೆ ಮೂರು ಎಕರೆ ಹೊಲದ ಗತಿ ಏನು? ಆತಂಕ ಸುಳ್ಳಲ್ಲ, ಸಿಟ್ಟಿನ ಹಿಂದೆ ಇದ್ದುದು ದುರಾಸೆಗಿಂತ ಹೆಚ್ಚಾಗಿ ನೀರಿನ ಭಯ. ‘ನಿನ್ ಹಸುಗೆ ನೀರಿಲ್ದಂಗೆ ಮಾಡ್ತೀನೇನೋ ನಾನು?’ ಎಂದು ಅಕ್ಕ ಕೇಳಿದ್ದಕ್ಕೆ ಅವನಲ್ಲಿ ಉತ್ತರವಿರಲಿಲ್ಲ, ಆದರೆ ಒಪ್ಪಿಗೆಯೂ ಇರಲಿಲ್ಲ. ಕಿರಿಯವನು ಅಕ್ಕನ ಪರ ನಿಂತ. ಹಿರಿಯವನು, ಪತ್ರ ಬರೆಯುವವರನ್ನು ಕೇಳೋಣ, ನೀರಿನ ಮಾತನ್ನೂ ಅದರಲ್ಲೇ ಸೇರಿಸಲು ಬರುತ್ತದೋ ನೋಡೋಣ ಎಂದ. ಅವ್ವ ಏನೂ ಹೇಳಲಿಲ್ಲ. ತನ್ನ ಸಾವಿನ ನಂತರದ ಜಾಗದ ಬಗ್ಗೆ ಮಕ್ಕಳು ತನ್ನೆದುರೇ ಮಾತಾಡುವಾಗ ಒಬ್ಬ ತಾಯಿ ಏನು ಹೇಳಬೇಕೆಂದು ನಾವು ಬಯಸುತ್ತೇವೆಯೋ ತಿಳಿಯದು. ಆಕೆ ಕಾಲುಸೂಪಿಗೆ ಮೆಣಸು ಮನೆಯಲ್ಲಿ ಇದೆಯೇ ಎಂದು ಸೊಸೆಯನ್ನು ಕೇಳಿದರು. ಸೂಪು ಮಂಗಳವಾರದ್ದು.

ಆ ಬಳಿಕ

ವಿಭಾಗ ಪತ್ರ ಜುಲೈನಲ್ಲಿ ನೋಂದಣಿಯಾಯಿತು. ಮೊದಲು ತಂದೆಯ ಹೆಸರಿನ ಖಾತೆ ಪೌತಿಯಾಗಿ ವಾರಸುದಾರರ ಹೆಸರಿಗೆ ಬರಬೇಕಿತ್ತು, ಸರ್ವೆಯವರು ಬಂದು ಅಳೆದು, ಪಾಲುಗಳನ್ನು ಗುರುತಿಸುವ 11ಇ ನಕ್ಷೆ ಕೊಡಬೇಕಿತ್ತು. ವಿಳಂಬವೆಲ್ಲ ಅಲ್ಲೇ ಆದದ್ದು. ಅಳೆಯುವ ದಿನ ಹೊಲದ ಗುರುತಿನ ಕಲ್ಲುಗಳನ್ನು ಕದಲಿಸುವ ಪ್ರಮೇಯ ಬರಲಿಲ್ಲ. ಪತ್ರದಲ್ಲಿ ಮೂವರು ಗಂಡುಮಕ್ಕಳ ಪಾಲಿನ ಜೊತೆಗೆ, ತಾಯಿಯ ಹತ್ತು ಗುಂಟೆ ಅವರ ಕಾಲಾನಂತರ ಮಗಳಿಗೆ ಸೇರತಕ್ಕದ್ದೆಂದೂ, ಅದರಲ್ಲಿರುವ ಕೊಳವೆಬಾವಿಯ ನೀರನ್ನು ಉಳಿದ ಮೂರು ಪಾಲಿನವರು ಸರದಿಯಂತೆ ಪಡೆಯುವ ಹಕ್ಕೂ, ಪೈಪು ಹಾಯಿಸಲು ಮತ್ತು ಗಾಡಿ ಹೋಗಲು ದಾರಿಯ ಹಕ್ಕೂ ಇರತಕ್ಕದ್ದೆಂದೂ ಬರೆದಿದೆ. ಬಾವಿ ಬತ್ತಿದರೆ ಹೊಸದನ್ನು ಎಲ್ಲಿ ಕೊರೆಯಬೇಕು, ಖರ್ಚು ಯಾರದು ಎಂಬುದು ಮಾತ್ರ ಬರೆದಿಲ್ಲ. ಈ ಸೀಮೆಯ ಅಂತರ್ಜಲದ ಸ್ಥಿತಿ ನೋಡಿದರೆ ಅದನ್ನು ಬರೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆ ಸಾಲು ಸೇರಿಸೋಣವೆಂದು ಮಗಳೇ ಹೇಳಿದ್ದಳಂತೆ, ಅಪಶಕುನದ ಮಾತೆಂದು ನಡುವಿನವನು ಬೇಡವೆಂದನಂತೆ.

ಮಾರಿಹಬ್ಬದಲ್ಲಿ ಈ ಮನೆತನದ ಎರಡು ತಂಬಿಟ್ಟಿನ ಆರತಿಗಳು ಹೋದವು. ಹೊಸ ವರ್ಷದ ಮಾಂಸದ ಚೀಟಿಗೆ ಹಿರಿಯವನೂ ನಡುವಿನವನೂ ಬೇರೆ ಬೇರೆ ಸೇರಿದ್ದಾರೆ. ಕಿರಿಯವನು ತನ್ನದೂ ಒಂದಿರಲಿ ಎಂದು ಬೆಂಗಳೂರಿನಿಂದಲೇ ಫೋನ್ ಪೇಯಲ್ಲಿ ವಾರವಾರ 50 ರೂಪಾಯಿ ಕಳಿಸುತ್ತಿದ್ದಾನೆ. ಹಾಗಾಗಿ ಸದಸ್ಯರು 34 ಆಗಿ, ಬರುವ ಯುಗಾದಿಗೆ ಕುರಿಯ ಕಾಲುಗಳ ಲೆಕ್ಕ ಕೂಡುವುದಿಲ್ಲ.